ಬೆಲೆ ಎದ್ದ ಮೇಲೆ

ದಿನಾ ಮಧ್ಯಾಹ್ನ ಮಲಗೆದ್ದು ಬಾಗಿಲಿಗೆ ಬರುವಾಗ ಎದುರಂಗಡಿಯ ತಾತನ ಎಡಗೆನ್ನೆಯ ಮೇಲೆ ನವಾರಿನ ಅಚ್ಚು ಮೂಡಿರುತ್ತಿತ್ತು. ಮಂಚಕ್ಕೆ ಹೆಣೆಯುವ ಅಗಲವಾದ ಹತ್ತಿಪಟ್ಟಿಯ ಅಡ್ಡಗೆರೆ, ಉದ್ದಗೆರೆ, ಚೌಕ ಚೌಕವಾಗಿ ಬಿಳಿ ಗಡ್ಡದೊಳಗೂ ಇಳಿದಿರುತ್ತಿದ್ದವು. ದಿಂಬು ಇಟ್ಟುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಗಲ್ಲಿಯ ಈಚೆ ಬದಿ ನನ್ನ ಟೈಲರಿಂಗ್ ಅಂಗಡಿ. ಮಿಷನ್ ಮುಂದೆ ಕೂತೇ ನಾನು, "ತಾತಾ, ಇವತ್ತು ಚೆಕ್ಸ್ ಡಿಸೈನು ಚೆನ್ನಾಗಿ ಬಂದೈತೆ" ಎಂದು ರೇಗಿಸುತ್ತಿದ್ದೆ. ಟೀ ಕುಡಿದು ಮುಗಿಸುವಷ್ಟರಲ್ಲಿ ಅಚ್ಚು ಅಳಿಸಿಹೋಗಿರುತ್ತಿತ್ತು. ಆಮೇಲೆ ಅವರು ಉಪ್ಪು ಕಾಗದ ತಗೊಂಡು ಯಾವುದೋ ಕುರ್ಚಿಯ ಕಾಲು ಉಜ್ಜುತ್ತಾ ಕೂರುತ್ತಿದ್ದರು.

ಹಿಂದೂಪುರದ ಸಂತೆ ಬೀದಿಯ ಹಿಂದಿನ ಗಲ್ಲಿಯಲ್ಲಿ ತಗಡಿನ ಸೂರಿನ ಅವರ ಹಳೇ ಮರಸಾಮಾನಿನ ಅಂಗಡಿ ಇತ್ತು. ಒಳಗೆ ಕಾಲಿಟ್ಟರೆ ಸ್ಪಿರಿಟ್ಟು ಮತ್ತು ಅರಗಿನ ವಾಸನೆ. ಹಳೇ ಬೀರು, ಕನ್ನಡಿ ಕಪ್ಪಾದ ಡ್ರೆಸಿಂಗ್ ಟೇಬಲ್ಲು, ಕೈ ಮುರಿದ ಆರಾಮ ಕುರ್ಚಿ ಎಲ್ಲಾ ಬರುತ್ತಿದ್ದವು, ಆದರೆ ಅವರ ಜೀವ ಇದ್ದದ್ದು ಮಂಚಗಳ ಮೇಲೆ. ಬೆಳುಗುಪ್ಪ, ಸೆಟ್ಟೂರು, ಕಲ್ಯಾಣದುರ್ಗದ ಕಡೆ ಹಳ್ಳಿ ಹಳ್ಳಿ ತಿರುಗಿ, ದನದ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ತೇಗದ ಮಂಚಗಳನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬರುತ್ತಿದ್ದರು. ಜನ ಫೋನಿನಲ್ಲೇ ಮ್ಯಾಟ್ರೆಸ್ ತರಿಸಿಕೊಳ್ಳುವ ಈ ಕಾಲದಲ್ಲಿ ಇದನ್ನೆಲ್ಲ ಯಾರು ಕೊಳ್ಳುತ್ತಾರೆ ಎಂದು ನನಗೆ ಅನ್ನಿಸುತ್ತಿತ್ತು. ಕೊಳ್ಳುತ್ತಿದ್ದರು. ಬೆಂಗಳೂರಿನ ಕಾರುಗಳು ನಮ್ಮ ಗಲ್ಲಿಯಲ್ಲಿ ತಿರುಗಿಸಲಾಗದೆ ಒದ್ದಾಡುವುದು ನಮಗೆ ಮಾಮೂಲಾಗಿತ್ತು.

ಅವರದೊಂದು ಕಟ್ಟಳೆ ಇತ್ತು. ಮಂಚ ಬೇಕೆಂದು ಬಂದವರು ಮೊದಲು ಅದರ ಮೇಲೆ ಮಲಗಿ ಒಂದು ನಿದ್ದೆ ತೆಗೆಯಬೇಕು. ಮಲಗದವರಿಗೆ ಬೆಲೆ ಹೇಳುತ್ತಿರಲಿಲ್ಲ. "ಎಷ್ಟು ತಾತ?" ಅಂದರೆ, "ಬೆಲೆ ಎದ್ದ ಮೇಲೆ ಕಣಪ್ಪ" ಎನ್ನುವರು. ಹೆಂಗಸರಿಗೆಂದು ಹಿಂಭಾಗದಲ್ಲಿ ಒಂದು ಪರದೆ ಇತ್ತು, ಅದನ್ನು ಹೊಲಿದುಕೊಟ್ಟವಳು ನಾನೇ.

ಒಮ್ಮೆ ಹೋಟೆಲಿನ ಹಾಲ್‌ಗೆ ಅಂದಕ್ಕೆ ಇಡಲು ಮಂಚ ಬೇಕೆಂದು ಬೆಂಗಳೂರಿನ ಗಂಡ ಹೆಂಡತಿ ಬಂದರು. ಆ ಮನುಷ್ಯ ಫೋಟೋ ತೆಗೆದುಕೊಂಡು, ರೇಟ್ ಹೇಳಿ ಎಂದು ಅವಸರ ಮಾಡಿದರು. "ಮಂಚ ನೋಡೋ ವಸ್ತು ಅಲ್ಲ ಕಣಪ್ಪ, ಮಲಗೋ ವಸ್ತು. ಶೂ ಬಿಚ್ಚು" ಅಂದರು ತಾತ. ಐದೇ ನಿಮಿಷ ಎಂದು ನಗುತ್ತಾ ಮಲಗಿದವರು ಬಿಸಿಲಿಳಿಯುವ ತನಕ ಗೊರಕೆ ಹೊಡೆದರು. ಅವರ ಹೆಂಡತಿ ನನ್ನ ಅಂಗಡಿಯಲ್ಲಿ ಕೂತು, ಕಾದು ಬೇಜಾರಾಗಿ, ಕಡೆಗೆ ಒಂದು ರವಿಕೆಗೆ ಅಳತೆ ಕೊಟ್ಟು ಹೋದರು. ಆ ಮಂಚ ಹಾಲ್‌ಗೆ ಹೋಗಲಿಲ್ಲವಂತೆ, ಅವರ ಮನೆಗೇ ಹೋಯಿತಂತೆ.

ನನ್ನನ್ನೂ ಎಷ್ಟೋ ಸಲ ಕರೆದಿದ್ದರು. "ಬಾರಮ್ಮ, ದಿನವೆಲ್ಲ ಮಿಷನ್ ತುಳಿದು ಸೊಂಟ ಬಿದ್ದೋಗ್ತದೆ, ಒಂದು ಗಳಿಗೆ ಪಡುಕೋ." ಪಡುಕೋ, ಅಂದರೆ ಮಲಗು, ಎನ್ನುವ ತೆಲುಗು ಮಾತು ಅವರ ಬಾಯಲ್ಲಿ ಜೋಗುಳದಂತೆ ಇರುತ್ತಿತ್ತು. ಬೀದಿ ಅಂಗಡಿಯಲ್ಲಿ ಹೋಗಿ ಮಲಗುವುದೆಂದರೇನು ಎಂದು ನಾನು ನಾಚಿ ನಕ್ಕು ಸುಮ್ಮನಾಗುತ್ತಿದ್ದೆ.

ಇನ್ನು ನನ್ನ ಅಮ್ಮನ ವಿಷಯ. ನನ್ನ ತವರು ಕಲ್ಯಾಣದುರ್ಗ, ನೇಯ್ಗೆಯವರ ಮನೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಅತ್ತಿಗೆ ಅಮ್ಮನನ್ನು ಚೆನ್ನಾಗಿಯೇ ನೋಡಿಕೊಂಡರು, ಊಟ ಉಪಚಾರಕ್ಕೆ ಏನೂ ಕೊರತೆ ಇರಲಿಲ್ಲ. ಹೋದದ್ದು ನಿದ್ದೆ. ಕಣ್ಣು ಮುಚ್ಚಿದರೆ ಬೆಚ್ಚಿ ಏಳುತ್ತಿದ್ದಳು. ಡಾಕ್ಟರು ಕೊಟ್ಟ ಮಾತ್ರೆಯಿಂದ ತಲೆ ತಿರುಗಿತೇ ಹೊರತು ನಿದ್ದೆ ಬರಲಿಲ್ಲ. ಒಂದು ಬೆಳಗ್ಗೆ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಸೆರಗಿಗೆ ಬೆಂಕಿ ತಗುಲಿಸಿಕೊಂಡಳು. ಅತ್ತಿಗೆ ಕಂಡು ಆರಿಸಿದ್ದರಿಂದ ಉಳಿದಳು. ಆ ಸುದ್ದಿ ಕೇಳಿದ ದಿನವೇ ಬಸ್ಸು ಹತ್ತಿದೆ. ಕಣ್ಣೆದುರಿಗಾದರೂ ಇರಲಿ ಎಂದು ಹಿಂದೂಪುರಕ್ಕೆ ಕರಕೊಂಡು ಬಂದು ಹಗಲೆಲ್ಲ ಅಂಗಡಿಯಲ್ಲಿ ಕೂರಿಸಿಕೊಳ್ಳತೊಡಗಿದೆ.

ಸ್ಟೂಲಿನ ಮೇಲೆ ಕೂತು ವಾಲುತ್ತಿದ್ದ ಅಮ್ಮನನ್ನು ತಾತ ಎದುರಿನಿಂದ ನೋಡುತ್ತಲೇ ಇದ್ದರು. ಒಂದು ಮಧ್ಯಾಹ್ನ ಗಲ್ಲಿ ದಾಟಿ ಬಂದು, ತೆಲುಗರು ತಂಗಿಯನ್ನು ಕರೆಯುವಂತೆ, "ಚೆಲ್ಲೆಮ್ಮಾ, ನನ್ನ ಮಂಚ ಸರಿಗೈತಾ ಅಂತ ಒಸಿ ನೋಡಿ ಹೇಳ್ಬೇಕಲ್ಲ ನೀನು" ಎಂದರು. ಕೆಲಸಕ್ಕೆ ಕರೆದರೆ ಅಮ್ಮ ಇಲ್ಲ ಎನ್ನುವವಳಲ್ಲ. ಹೋಗಿ ಪರದೆಯ ಹಿಂದೆ ಮಲಗಿದಳು. ಸ್ವಲ್ಪ ಹೊತ್ತಿಗೆ ಎದ್ದು ಬಂದು, "ಮಂಚ ಚೆನ್ನಾಗೈತಣ್ಣ. ನನ್ ಕಣ್ಣೇ ಸರಿಗಿಲ್ಲ" ಅಂದಳು.

ಮಾರನೆಯ ದಿನ ಬೇರೆ ಮಂಚ, ಅದರ ಮಾರನೆಯ ದಿನ ಮತ್ತೊಂದು. ಅಂಗಡಿಯಲ್ಲಿದ್ದ ಮಂಚಗಳೆಲ್ಲ ಮುಗಿದವು, ಅಮ್ಮನಿಗೆ ನಿದ್ದೆ ಬರಲಿಲ್ಲ. ಇದೂ ಆಗದ ಕೆಲಸ ಎಂದು ನಾನು ಕೈಚೆಲ್ಲಿದೆ. ತಾತ ಮಾತ್ರ ಅಮ್ಮ ಎದ್ದು ಹೋದ ಮೇಲೆ ಪರದೆ ಸರಿಸಿ, ಮಂಚದ ಮುಂದೆ ಕುಕ್ಕರುಗಾಲಲ್ಲಿ ಕೂತು ಹಾಸಿದ್ದ ದುಪ್ಪಟಿಯನ್ನೇ ನೋಡುತ್ತಿದ್ದರು. ಕಡೆಗೊಂದು ದಿನ ನನ್ನನ್ನು ಕರೆದು ತೋರಿಸಿದರು. ದುಪ್ಪಟಿ ಒಂದು ಅಂಚಿನಲ್ಲಿ ಮಾತ್ರ ಮುದುರಿತ್ತು. ಉಳಿದದ್ದು ಹಾಸಿದ ಹಾಗೇ ಇತ್ತು.

"ಎಂಥ ಸಣ್ಣ ಮಂಚ ಕೊಟ್ರೂ ನಿಮ್ಮಮ್ಮ ಪಕ್ಕದಲ್ಲಿ ಜಾಗ ಬುಟ್ಟೇ ಮಲಗ್ತಾಳೆ ಕಣಮ್ಮ. ಆ ಜಾಗಕ್ಕೆ ಯಾರೂ ಬರ್ನಿಲ್ಲ ಅಂತ ಎಚ್ಚರ ಆಗ್ಬುಡ್ತದೆ."

"ನಿಮಗೆ ಹೆಂಗೆ ಗೊತ್ತಾಯ್ತು ತಾತ?" ಎಂದು ಕೇಳಿದೆ.

"ನಮ್ಮೋಳು ಹೋದ್ಮೇಲೆ ನಾನು ಮನೇಲಿ ಮಂಚ ಹತ್ತಿಲ್ಲ. ಇಲ್ಲಿ ಮಧ್ಯಾಹ್ನ ಬೀಳ್ತದಲ್ಲ, ಅದೇ ನನ್ ನಿದ್ದೆ. ಅಷ್ಟೇಯ."

ವರ್ಷಗಟ್ಟಲೆ ಅವರ ಕೆನ್ನೆಯ ಚೆಕ್ಸ್ ನೋಡಿ ನಗಾಡಿದ್ದೆ. ಅದು ಯಾವ ನಿದ್ದೆ ಎಂದು ನನಗೆ ಅಂದು ತಿಳಿಯಿತು.

ಅಮ್ಮನದೇ ಮಂಚವನ್ನು ತರಿಸಬೇಕು ಅಂದರು ತಾತ. ಅಪ್ಪ ಅಮ್ಮ ಮದುವೆಯಾದಾಗಿನಿಂದ ಮಲಗಿದ ನವಾರಿನ ದೊಡ್ಡ ಮಂಚ ಕಲ್ಯಾಣದುರ್ಗದಲ್ಲೇ ಇತ್ತು. ತಲೆಯ ಕಡೆಯ ಹಲಗೆಯಲ್ಲಿ ಎದುರುಬದುರು ಕೂತ ಜೋಡಿ ಗಿಳಿಗಳು. ತಾತ ಖುದ್ದಾಗಿ ಹೋಗಿ ಅದನ್ನು ಹೇರಿಕೊಂಡು ಬಂದರು. ಅಗಲ ಕಡಿಮೆ ಮಾಡುತ್ತಾರೆ ಎಂದು ಗೊತ್ತಾಗಿದ್ದೇ ತಡ, ಅಮ್ಮ ಬಂದು ಮಂಚದ ಮೇಲೆ ಕೈಯಿಟ್ಟು ನಿಂತುಬಿಟ್ಟಳು.

"ಅವ್ರು ಮಲಗಿದ್ ಮಂಚ ಅಣ್ಣ. ಗರಗಸ ಇಡಾಕೆ ಬುಡಾಕಿಲ್ಲ ನಾನು."

"ಕುಯ್ದು ಬಿಸಾಕಾಕಿಲ್ಲ ಚೆಲ್ಲೆಮ್ಮ. ಆ ಕಡೆ ಮರದ ಪಟ್ಟೆನ ನಿನ್ ಹತ್ರಕ್ಕೆ ತತ್ತೀನಿ, ಅಷ್ಟೇಯ."

ಅಮ್ಮ ಗಿಳಿಗಳನ್ನು ಒಂದೊಂದಾಗಿ ಸವರಿದಳು. ಆಮೇಲೆ, "ಗಿಳಿ ಎಲ್ಡನ್ನೂ ಬೇರೆ ಮಾಡ್ಬ್ಯಾಡ ಮತ್ತೆ" ಎಂದು ಕೈ ತೆಗೆದಳು.

ನಡುವೆ ಕೊಯ್ದಿದ್ದರೆ ತಾತನಿಗೆ ಸುಲಭವಾಗುತ್ತಿತ್ತು. ಅವರು ಗಿಳಿಗಳ ತಂಟೆಗೆ ಹೋಗದೆ ಎರಡೂ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ತೆಗೆದರು. ಉಳಿದ ತುಂಡುಗಳಿಂದ ಮಂಚದಷ್ಟೇ ಎತ್ತರದ ಪುಟ್ಟ ಪೀಠ ಮಾಡಿ, ಮಿಕ್ಕ ನವಾರನ್ನು ಅದಕ್ಕೂ ಹೆಣೆದರು. ಅದೇಕೆ ಎಂದೆ. "ನಿದ್ದೆಗಣ್ಣಲ್ಲಿ ಕೈ ಚಾಚಿದ್ರೆ ಏನಾರ ಸಿಗ್ಬೇಕಲ್ಲಮ್ಮ" ಅಂದರು. ಅಪ್ಪ ಮಲಗುತ್ತಿದ್ದ ಕಡೆಗೆ ಆ ಪೀಠವನ್ನು ಇಡಬೇಕೆಂದು ಅಣ್ಣನಿಗೆ ಫೋನ್ ಮಾಡಿ ಮತ್ತೆ ಮತ್ತೆ ಹೇಳಿದರು.

ಅಮ್ಮ ಮಂಚದ ಜೊತೆಗೇ ಕಲ್ಯಾಣದುರ್ಗಕ್ಕೆ ಹೊರಟಳು. ಮಾರನೆಯ ದಿನ ನಾನು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅಣ್ಣನ ಫೋನು. ದನಿಯಲ್ಲಿ ಗಾಬರಿ. "ಬಿಸಿಲು ಅಂಗಳಕ್ಕೆ ಬಂತು, ಅಮ್ಮ ಇನ್ನೂ ಎದ್ದಿಲ್ಲ ಕಣೇ. ಪೀಠದ ಮ್ಯಾಲೆ ಕೈ ಮಡಿಕ್ಕೊಂಡು ಮಲಗವ್ಳೆ. ಏಳಿಸ್ಲಾ?" ಏಳಿಸಿದರೆ ನೋಡು ಎಂದು ಅವನನ್ನು ಬೈದು, ಚಪ್ಪಲಿ ಕೂಡ ಹಾಕದೆ ಗಲ್ಲಿ ದಾಟಿ ಓಡಿದೆ. ತಾತ ಕೈಯಲ್ಲಿದ್ದ ಪಾಲಿಷ್ ಬಟ್ಟೆಯನ್ನು ಕೆಳಗಿಟ್ಟು ಕೇಳಿಸಿಕೊಂಡರು. "ಸರೇ. ಬೆಲೆ ಎದ್ದ ಮೇಲೆ ಹೇಳ್ತೀನಿ ಅನ್ನು" ಎಂದರು. ಆ ಬೆಲೆಯನ್ನು ಅವರು ಹೇಳಲೇ ಇಲ್ಲ. ಪ್ರತಿ ಸುಗ್ಗಿಗೂ ಅಮ್ಮ ಕಳಿಸುತ್ತಿದ್ದ ಒಂದು ಚೀಲ ಕಡಲೆಕಾಯಿಯನ್ನು ಮಾತ್ರ ಗಲ್ಲಿಗೆಲ್ಲ ಹಂಚಿ ತಿನ್ನುತ್ತಿದ್ದರು.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಆಗತಾನೆ ಹೆಣೆದು ಮುಗಿಸಿದ ಮಂಚದ ಮೇಲೆ ಮಲಗಿದ ತಾತ ಏಳುವ ಹೊತ್ತಾದರೂ ಏಳಲಿಲ್ಲ. ಟೀ ಆರಿತು. ಕೂಗಿದೆ, ಹೋಗಿ ಅಲುಗಿಸಿದೆ. ಮುಖ ಈಚೆ ತಿರುಗಿಸಿದಾಗ ಕೆನ್ನೆಯ ಮೇಲೆ ಅಚ್ಚು ಇತ್ತು. ಮನೆಯವರು ಬಂದರು, ಡಾಕ್ಟರು ಬಂದು ಹೋದರು, ಗಲ್ಲಿಯೆಲ್ಲ ಸೇರಿತು. ಅಷ್ಟು ಹೊತ್ತಾದರೂ ಅದು ಅಳಿಸಲಿಲ್ಲ. ನಾನು ಅದನ್ನೇ ನೋಡುತ್ತಾ ಅತ್ತೆ.

ಕರ್ಮಗಳೆಲ್ಲ ಮುಗಿದ ಮೇಲೆ ಚಿಲಮತ್ತೂರಿಗೆ ಕೊಟ್ಟ ಅವರ ಮಗಳು ಅಂಗಡಿ ಖಾಲಿ ಮಾಡಲು ಬಂದಳು. ಬೀರು, ಕುರ್ಚಿ, ಮಂಚ ಎಲ್ಲವೂ ಒಂದೊಂದಾಗಿ ಹೋದವು. ತಾತ ಕಣ್ಣು ಮುಚ್ಚಿದ ಅದೊಂದು ಮಂಚ ಮಾತ್ರ ಉಳಿಯಿತು. ಅಂಗಡಿಯಲ್ಲೇ ಚೆಂದದ ಮಂಚ, ಆದರೆ ಸತ್ತವರ ಮಂಚ ಎಂದು ಯಾರೂ ಮುಟ್ಟಲಿಲ್ಲ. ಯಾರಾದರೂ ಹಿಂಜರಿದರೆ ತಾತ ಹೇಳುತ್ತಿದ್ದ ಮಾತು ನನಗೆ ನೆನಪಿತ್ತು: "ಹಳೇ ಮಂಚ ಅಂದ್ಮೇಲೆ ಸತ್ತೋರೂ ಮಲಗಿರ್ತಾರೆ, ಕೂಸುಗಳೂ ಹುಟ್ಟಿರ್ತವೆ. ಬರೀ ಸತ್ತೋರ್ನ್ಯಾಕೆ ಲೆಕ್ಕ ಹಿಡೀತೀರಾ?" ಅದನ್ನು ಹೇಳಲು ಈಗ ಅವರಿರಲಿಲ್ಲ. ಮಗಳು ಬೇಸತ್ತು, "ನಾಳೆ ಒಡೆದು ಸೌದೆಗೆ ಹಾಕ್ತೀನಿ ಕಣಕ್ಕ, ಇನ್ನೇನ್ ಮಾಡ್ಲಿ" ಎಂದಳು.

ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ನೀನ್ ತಗೋ. ನಿನ್ ಮನೇಲಿ ಇರ್ಲಿ. ಸುಮ್ಕೆ ಎತ್ಕೊಂಡ್ ಹೋಗ್ಬ್ಯಾಡ ಮತ್ತೆ. ಅಣ್ಣನ ಅಂಗ್ಡಿ ಅದು, ಮಲಗಿ ಎದ್ದು ಬೆಲೆ ಕೇಳು."

ಗಲ್ಲಿಯಲ್ಲಿ ಜನ ಓಡಾಡುತ್ತಿದ್ದರು. ನಾನೇ ಹೊಲಿದ ಪರದೆಯನ್ನು ಎಳೆಯಲು ಕೈ ಎತ್ತಿದವಳು ಹಾಗೇ ಬಿಟ್ಟೆ. ತಾತ ಮಲಗುತ್ತಿದ್ದ ಹಾಗೆ ಎಡಕ್ಕೆ ಹೊರಳಿ, ದಿಂಬಿಲ್ಲದೆ, ಬಿಗಿಯಾದ ಹೊಸ ನವಾರಿಗೆ ಕೆನ್ನೆ ಕೊಟ್ಟು ಮಲಗಿದೆ. ಇಷ್ಟು ವರ್ಷ ಕರೆದಾಗ ಒಂದು ಸಲವಾದರೂ ಬರಬೇಕಿತ್ತು ಅನ್ನಿಸಿತು. ಪಕ್ಕದ ಬೀದಿಯ ಆಟೋ ಸದ್ದು ದೂರವಾಯಿತು.

ಎದ್ದಾಗ ತಗಡಿನ ಸೂರಿನ ಕಾವು ಇಳಿದಿತ್ತು. ತಾತನ ಮಗಳು ಎರಡು ಲೋಟ ಟೀ ಹಿಡಿದು ನಿಂತಿದ್ದಳು.

"ಈಗ ಬೆಲೆ ಹೇಳಮ್ಮ" ಎಂದೆ.

ಅವಳು ಲೋಟಗಳನ್ನು ನೆಲಕ್ಕಿಟ್ಟಳು. ನನ್ನ ಎಡಗೆನ್ನೆಯನ್ನು ನೋಡಿದಳು, ಬಗ್ಗಿ ಬೆರಳಿಂದ ಒಂದೊಂದೇ ಗೆರೆಯನ್ನು ಮುಟ್ಟಿದಳು. "ಟೀ ಕುಡೀಬ್ಯಾಡ ಕಣಕ್ಕ" ಎಂದಳು, "ಒಸಿ ಹೊತ್ತು ಹಂಗೇ ಇರ್ಲಿ."