ಮಲ್ಲಪ್ಪ ಕಾಕಾನ ಕಪ್ಪು ಕೋಕೋ

"ಬಣ್ಣ ಗಟ್ಟಿ ಇದ್ರ ಮಾಲ ಗಟ್ಟಿ" ಎಂಬುದು ಮಲ್ಲಪ್ಪ ಕಾಕಾನ ಸಿದ್ಧಾಂತ. ಬನಹಟ್ಟಿಯ ನಮ್ಮ ಓಣಿಯ ತುಂಬ ಪವರ್‌ಲೂಮ್ ಗಡಗಡಿಸುತ್ತಿದ್ದಾಗ ಅವನೊಬ್ಬನೇ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ನೂಲಾಗಲಿ, ಬದನೆಕಾಯಿಯಾಗಲಿ, ಮಗಳಿಗೆ ನೋಡಿದ ವರನ ಮೀಸೆಯಾಗಲಿ, ಮೊದಲು ಬಣ್ಣ ನೋಡಬೇಕು. ಅಳಿಯ ಮೀಸೆಗೆ ಕಪ್ಪು ಹಚ್ಚುತ್ತಾನೆಂದು ಮದುವೆಯಾದ ಮೇಲೆ ಗೊತ್ತಾಯಿತು. ಆದರೂ ಕಾಕಾ ಸಿದ್ಧಾಂತ ಬಿಡಲಿಲ್ಲ.

ಅವನಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳಿಗೆ ಆದ ಗಾಯ ಮಾಯಲೇ ಇಲ್ಲ. ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕು ಎಂದರು ಡಾಕ್ಟರು. ಮಗ್ಗದ ಕಾಲುಹಲಗೆ ತುಳಿಯುವುದೇ ಆ ಬೆರಳಿನಿಂದ.

"ಬೆರಳ ಹೋದ್ರ ಮಗ್ಗ ಹೋತು. ಮಗ್ಗ ಹೋದ್ರ ನಾ ಯಾಕಿರಬೇಕವಾ?" ಎಂದ. ಆ ಗಟ್ಟಿ ದನಿ ಇಳಿದದ್ದು ಕೇಳಿ ನನಗೆ ಅಳು ಬಂತು.

ನಾನು ಜಮಖಂಡಿಯ ಕಾಲೇಜಿನಲ್ಲಿ ಆಹಾರ ವಿಜ್ಞಾನ ಕಲಿಸುತ್ತಿದ್ದೆ. ಬೆಲ್ಲದ ಚಹಾ ಬಿಟ್ಟು ಸಕ್ಕರೆ ಹಾಕದ ಸಪ್ಪೆ ಕೋಕೋ ಕುಡಿ, ಅದರ ಕಹಿಯ ಸತ್ವ ಮೈಗೆ ತುಸು ನೆರವಾದೀತು ಎಂದೆ. ಪಾಠಕ್ಕೆಂದು ತಂದಿದ್ದ ಎರಡು ಬಗೆಯ ಕೋಕೋ ಪುಡಿ ನನ್ನ ಚೀಲದಲ್ಲಿದ್ದವು. ಕೆಂಚಗಿನದನ್ನು ಕೊಡಹೋದರೆ ಕಾಕಾ ಕಾಡಿಗೆಯಂಥ ಕಪ್ಪು ಪುಡಿಯ ಡಬ್ಬಿಯನ್ನೇ ಕಸಿದುಕೊಂಡ.

ಮುಂದಿನ ಸಲ ಹೋದಾಗ ಬೆರಳು ಇನ್ನಷ್ಟು ಕೆಟ್ಟಿತ್ತು. ಅವನ ಹೆಂಡತಿ ಶಾರವ್ವ ಕಾಕಿ ಡಾಕ್ಟರು ಕೊಟ್ಟಿದ್ದ ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ನನ್ನ ಮುಂದೆ ಸುರಿದಳು. ಅವನು ಒಂದನ್ನೂ ಮುಟ್ಟಿರಲಿಲ್ಲ.

"ಇಷ್ಟ ಕರೇ ಔಷಧ ಇದ್ದಮ್ಯಾಲ ಬಿಳಿ ಗುಳಿಗಿ ಯಾಕ?" ಎಂದ ಕಾಕಾ.

ನನಗೆ ತಲೆ ಕೆಟ್ಟಿತು. "ಗುಳಿಗಿ ಬಿಡು ಅಂದವ್ರ ಯಾರು? ಆ ಪುಡಿನ್ನ ಅಡಗಿ ಸೋಡಾದಂಥಾದ್ರಾಗ ಹಾಕಿ ಕಪ್ಪ ಮಾಡಿರತಾರ. ಸತ್ವನೂ ಭಾಳಷ್ಟು ಹೋಗಿರತದ!"

ಕಾಕಾ ಡಬ್ಬಿಯನ್ನು ಎತ್ತಿ, ತಿರುಗಿಸಿ ನೋಡಿದ. "ಅಂದ್ರ ಇದಕೂ ಬಣ್ಣ ಹಚ್ಯಾರ? ಥೇಟ್ ನಮ್ಮ ಅಳಿಯನ ಮೀಸಿ ಆತಲ್ಲವಾ!"

ಅವತ್ತಿನಿಂದ ಗುಳಿಗೆ ಕಾಕಿಯ ಕೈಯಿಂದ ನೇರ ಅವನ ಬಾಯಿಗೆ. ಬೆಳಗಿಗೆ ಕೆಂಚು ಕೋಕೋ, ಮುಖ ಕಿವುಚಿಕೊಂಡೇ ಕುಡಿಯುತ್ತಿದ್ದ. ಗಾಯ ನಿಧಾನವಾಗಿ ಮಾಯಿತು. ಡಾಕ್ಟರು ಗುಳಿಗೆಯ ಗುಣ ಎಂದರು, ಕಾಕಾ ಕೋಕೋದ್ದು ಎಂದ. ಬೆಲ್ಲಕ್ಕೆ ಕೀಲಿ ಹಾಕಿದವಳು ತಾನು ಎಂದಳು ಕಾಕಿ. ನಾನು ಕಾಕಿಯ ಕಡೆ.

ಆಮೇಲೆ ಅವನು ವರ್ಷಗಟ್ಟಲೆ ನೇಯ್ದ. ಒಂದು ಮಧ್ಯಾಹ್ನ ಎದೆನೋವೆಂದು ಮಗ್ಗದಿಂದೆದ್ದವನು ಮತ್ತೆ ಕೂರಲಿಲ್ಲ. ಸಾವಿನ ಸುದ್ದಿ ಕೇಳಿ ನಾನು ಜಮಖಂಡಿಯಿಂದ ಓಡಿ ಬಂದಾಗ ಶಾರವ್ವ ಕಾಕಿ ಅವನ ಪಾದ ತೊಳೆಯುತ್ತಿದ್ದಳು. ನನ್ನನ್ನು ಕಂಡು ಅವಳಿಗೆ ದುಃಖ ಒತ್ತರಿಸಿ ಬಂತು. ಅಳುತ್ತಲೇ ಆ ಪಾದಗಳನ್ನು ಅಂಗೈಯಲ್ಲಿ ತುಸು ಎತ್ತಿ ತೋರಿಸಿದಳು.

"ನೋಡವಾ, ಹತ್ತೂ ಬೆರಳ ತಗೊಂಡ ಹೊಂಟಾರ."