ತಿಳಿನೀರಣ್ಣನ ಮನೆಯ ಪಾಚಿ

ಊರಿಗೆಲ್ಲ ಕುಡಿಯುವ ನೀರು ಸೋಸಿ ಕಳಿಸುವ ಕಡೆ ಇಪ್ಪತ್ತೆಂಟು ವರ್ಷ ದುಡಿದ ಮನುಷ್ಯನಿಗೆ ಜನ ತಿಳಿನೀರಣ್ಣ ಎಂದು ಹೆಸರಿಟ್ಟರೆ ಅದರಲ್ಲಿ ತಪ್ಪೇನೂ ಇಲ್ಲ ಬಿಡಿ. ಹೆತ್ತವರು ಇಟ್ಟ ಹೆಸರು ಕಚೇರಿಯ ಕಾಗದದಲ್ಲಿ ಉಳಿಯಿತು. ಬೀದಿಯಲ್ಲಿ, ಬಸ್ಸಿನಲ್ಲಿ, ಕೊನೆಗೆ ಅವನ ಹೆಂಡತಿಯ ತವರುಮನೆಯಲ್ಲಿ ಕೂಡ ಅವನು ತಿಳಿನೀರಣ್ಣನೇ.

ಅವನು ಕೆಲಸ ಮಾಡುವ ಕಡೆ ಒಂದು ಹಳೇ ಪದ್ಧತಿ ಇತ್ತು. ಪಾಳಿ ಬದಲಾಗುವಾಗ ಸೋಸಿದ ನೀರನ್ನು ಉದ್ದನೆಯ ಗಾಜಿನ ಲೋಟಕ್ಕೆ ಹಿಡಿದು, ಹಿಂದೆ ಒಂದು ಪತ್ರಿಕೆ ಇಟ್ಟು, ನೀರಿನೊಳಗಿಂದ ಅದರ ಸಣ್ಣಕ್ಷರ ಓದಬೇಕು. ಓದಲು ಬಂದರೆ ನೀರು ಪಾಸು. ಈಗ ಅದಕ್ಕೆ ಮೀಟರು ಬಂದು ಯಾವ ಕಾಲವಾಯಿತೋ, ಉಳಿದವರೆಲ್ಲ ಲೋಟ ಮರೆತರು. ಇವನು ಬಿಡಲಿಲ್ಲ. "ಮೀಟರಿಗೆ ಏನ್ರೀ ಗೊತ್ತು? ಅದು ನೀರು ಕುಡಿಯುತ್ತಾ?" ಎಂದು ಇಂಜಿನಿಯರನ ಮುಖಕ್ಕೇ ಕೇಳಿದವನು. ಕಲಕಿದ್ದು, ಮಬ್ಬಾದದ್ದು, ಕಲೆ ಬಿದ್ದದ್ದು ಏನೇ ಕಂಡರೂ ಅವನಿಗೆ ಮೈ ಉರಿಯುತ್ತಿತ್ತು. ಒಳ್ಳೆಯವನೇ. ಆದರೆ ಯಾರನ್ನೂ ಒಂದು ಮಾತು ಕೇಳುವ ಜಾತಿಯಲ್ಲ. ತನಗೆ ಸರಿ ಕಂಡದ್ದು ಜಗತ್ತಿಗೇ ಸರಿ.

ಅವನ ಈ ಗುಣವನ್ನು ಎಲ್ಲರಿಗಿಂತ ಹೆಚ್ಚು ಉಂಡವನು ತಮ್ಮ. ಇಬ್ಬರಿಗೂ ಹದಿಮೂರು ವರ್ಷದ ಅಂತರ. ಅಪ್ಪ ತೀರಿಕೊಂಡಾಗ ತಮ್ಮ ಇನ್ನೂ ಚಡ್ಡಿ ಹಾಕುತ್ತಿದ್ದ. ಅವನು ಯಾವ ಶಾಲೆಗೆ ಹೋಗಬೇಕು, ಕೂದಲು ಎಷ್ಟು ಕತ್ತರಿಸಬೇಕು, ಯಾವ ಕೆಲಸ ಹಿಡಿಯಬೇಕು, ಎಲ್ಲ ಅಣ್ಣನದೇ ತೀರ್ಮಾನ. ತಮ್ಮನಿಗೆ ಚಿತ್ರ ಬರೆಯುವ ಹುಚ್ಚಿತ್ತಂತೆ. ಅಣ್ಣ ಅವನನ್ನು ಬಸ್ ಡ್ರೈವರ್ ಮಾಡಿದ. "ಅವನ್ನ ಕೇಳಿದ್ರಾ?" ಎಂದು ಹೆಂಡತಿ ಅಂದು ಕೇಳಿದ್ದಕ್ಕೆ, "ಕೇಳೋದೇನೇ? ನನ್ನ ತಮ್ಮನಿಗೆ ಏನು ಬೇಕು ಅಂತ ನನಗೆ ಗೊತ್ತಿಲ್ವಾ?" ಎಂದಿದ್ದ. ಪಾಪ, ತಮ್ಮ ಎದುರಾಡಲಿಲ್ಲ. ಹತ್ತೊಂಬತ್ತು ವರ್ಷ ಬಸ್ ಓಡಿಸಿದ. ಮದುವೆಯಾಗಲಿಲ್ಲ. ಅತ್ತಿಗೆಯ ಕೈಯಲ್ಲಿ ಉಂಡು, ಅಣ್ಣನ ಬಾಯಲ್ಲಿ ಬೈಸಿಕೊಂಡು ಆ ಮನೆಯಲ್ಲೇ ಇದ್ದ.

ನಲವತ್ತೆರಡಕ್ಕೆ ಅವನಿಗೆ ಲಕ್ವ ಹೊಡೆಯಿತು. ಡಿಪೋದಲ್ಲಿ ಬಸ್ ನಿಲ್ಲಿಸಿ ಇಳಿಯುವಾಗ ಕುಸಿದವನು ಮತ್ತೆ ಏಳಲಿಲ್ಲ. ಕೈ ಹೋಯಿತು, ಕಾಲು ಹೋಯಿತು, ಮಾತು ಹೋಯಿತು. ಕುತ್ತಿಗೆ ಎಡಕ್ಕೆ ಒಂದಿಷ್ಟು ತಿರುಗುತ್ತಿತ್ತು. ಕಣ್ಣು ಮಾತ್ರ ಹಿಂದಿನ ಹಾಗೇ ಇತ್ತು. ರೆಪ್ಪೆ ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಬೇಡ. ಅತ್ತಿಗೆ ದಿನವಿಡೀ ಅವನನ್ನು ಮಾತಾಡಿಸುತ್ತಿದ್ದದ್ದು ಹಾಗೆ. ಹೊದಿಕೆ ಬೇಕಾ, ಫ್ಯಾನ್ ಹಾಕಲಾ, ಉಪ್ಪು ಸಾಕಾ, ಎಲ್ಲ ಕೇಳಿಯೇ ಮಾಡುವಳು. ಅಣ್ಣ ಕೇಳುತ್ತಿರಲಿಲ್ಲ. ಬಂದವನೇ ಹೊದಿಕೆ ಎಳೆದು, ಫ್ಯಾನ್ ಹಾಕಿ, "ಈಗ ಹಾಯಾಗಿದೆ ಅಲ್ವೇನೋ" ಎಂದು ತಾನೇ ಉತ್ತರವನ್ನೂ ಹೇಳಿ ಹೋಗುತ್ತಿದ್ದ.

"ಉಳಿದಿರೋದು ಕಣ್ಣೊಂದೇ. ಅದಕ್ಕೆ ಏನಾದ್ರೂ ಕೆಲಸ ಕೊಡಿ" ಎಂದರು ಡಾಕ್ಟರು. "ಸುಮ್ಮನೆ ಸೂರು ನೋಡ್ತಾ ಮಲಗಿದ್ರೆ ಅವರು ಒಳಗೇ ಇಳಿದುಹೋಗ್ತಾರೆ. ಆಮೇಲೆ ಕರೆದ್ರೂ ಬರಲ್ಲ."

ಆ ಮಾತಿಗೆ ಹೆದರಿ ಅತ್ತಿಗೆ ಗೋಲ್ಡ್‌ಫಿಶ್ ತಂದಳು. ಅರವತ್ತು ಲೀಟರಿನ ಗಾಜಿನ ಪೆಟ್ಟಿಗೆ, ಮೂರು ಮೀನು. ಎರಡು ಕೇಸರಿ, ಒಂದು ಬಿಳಿ. ಕುತ್ತಿಗೆ ತಿರುಗುವುದು ಎಡಕ್ಕೆ ಮಾತ್ರ, ಎಡಕ್ಕಿರುವುದು ಕಿಟಕಿ. ಹಾಗಾಗಿ ಪೆಟ್ಟಿಗೆಗೆ ಕಿಟಕಿಯ ಪಕ್ಕವೇ ಗತಿ. ಮೊದಲ ದಿನವೇ ತಮ್ಮನ ಕಣ್ಣು ಮೀನಿನ ಹಿಂದೆ ಹೋಯಿತು, ಬಂತು, ಮತ್ತೆ ಹೋಯಿತು. ಅಡುಗೆಮನೆಗೆ ಓಡಿದ ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಕಿಟಕಿ ಅಂದಮೇಲೆ ಬಿಸಿಲು, ಬಿಸಿಲು ಅಂದಮೇಲೆ ಪಾಚಿ. ಮೂರು ವಾರಕ್ಕೆ ಗಾಜಿನ ಮೇಲೆ ಹಸಿರು ಹತ್ತಿತು, ನೀರು ಮಬ್ಬಾಯಿತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ತಮ್ಮನನ್ನು ನೋಡಲು ಬಂದವರಿಗೆ ಏನು ಮಾತಾಡಬೇಕೋ ತಿಳಿಯುತ್ತಿರಲಿಲ್ಲ. ಉತ್ತರ ಕೊಡದವನ ಮುಂದೆ ಎಷ್ಟು ಹೊತ್ತು ಕೂರುತ್ತೀರಿ? ಎದ್ದು ಹೋಗಿ ಮೀನಿಗೆ ಒಂದು ಚಿಟಿಕೆ ತಿಂಡಿ ಹಾಕುವರು. ಡಿಪೋದವರು ಒಂದು ಚಿಟಿಕೆ, ಪಕ್ಕದ ಮನೆಯ ಟೈಲರಮ್ಮ ಒಂದು ಚಿಟಿಕೆ. ಮೀನು ತಿಂದದ್ದು ಕಾಲು ಭಾಗ, ಕೊಳೆತದ್ದು ಮುಕ್ಕಾಲು ಭಾಗ. ಪಾಚಿಗೆ ಹಬ್ಬವೋ ಹಬ್ಬ.

ತಿಳಿನೀರಣ್ಣನಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಊರಿಗೆಲ್ಲ ತಿಳಿನೀರು ಕೊಡುವವನ ಮನೆಯೊಳಗೇ ಹಸಿರು ನೀರು! ದೀಪದ ಬುಡದಲ್ಲಿ ಕತ್ತಲೆ ಅಂತ ಜನ ಆಡಿಕೊಳ್ಳರೇ? ಭಾನುವಾರ ಬಂತೆಂದರೆ ತೋಳು ಮಡಚಿ ನಿಲ್ಲುವನು. ಗಾಜು ಉಜ್ಜಿದ, ಕಲ್ಲು ತೊಳೆದ, ನೀರು ಬದಲಿಸಿದ. ಪೆಟ್ಟಿಗೆಯ ಹಿಂದೆ ಪತ್ರಿಕೆ ಇಟ್ಟು, ಈ ಕಡೆ ಬಗ್ಗಿ ನಿಂತು ಸಣ್ಣಕ್ಷರ ಓದಿ, "ಪಾಸು!" ಎಂದು ತಮ್ಮನ ಕಡೆ ತಿರುಗಿ ಹೇಳಿದ. ಬುಧವಾರದ ಹೊತ್ತಿಗೆ ಮತ್ತೆ ಪಾಚಿ.

ಮೀನಿನ ಅಂಗಡಿಯವನು ಸುಲಭದ ದಾರಿ ಹೇಳಿದ. "ಪೆಟ್ಟಿಗೆ ಕಿಟಕಿಯಿಂದ ದೂರ ಇಡಿ ಸಾರ್. ಆಗಲ್ಲ ಅಂದ್ರೆ ಹಿಂದಿನ ಗಾಜಿಗೆ ದಪ್ಪ ರಟ್ಟು ಅಂಟಿಸಿ. ದಿನಕ್ಕೆ ಒಂದೇ ಸಲ ತಿಂಡಿ, ಎರಡು ನಿಮಿಷದಲ್ಲಿ ತಿಂದು ಮುಗಿಸೋವಷ್ಟು. ವಾರಕ್ಕೆ ಕಾಲು ಭಾಗ ನೀರು ಬದಲಾಯಿಸಿ. ಸ್ವಲ್ಪ ಪಾಚಿ ಇದ್ರೆ ಇರಲಿ ಬಿಡಿ, ಮೀನಿಗೆ ಅದು ಒಳ್ಳೇದೇ."

"ನನಗೆ ನೀರಿನ ಪಾಠ ಹೇಳ್ತೀಯೇನಪ್ಪಾ?" ಎಂದು ಮೂಗು ಮುರಿದು ಬಂದ ನಮ್ಮ ಯಜಮಾನ.

ಬೇಸಿಗೆಯಲ್ಲಿ ದೊಡ್ಡ ಜಲಾಶಯಕ್ಕೆ ಪಾಚಿ ಬಂದಾಗ ನೀರು ಸೋಸುವ ಕಡೆಯವರು ಮಾಡುವ ಕೆಲಸವೇ ಬೇರೆ. ಮೈಲುತುತ್ತದ ನೀಲಿ ಹರಳನ್ನು ಗೋಣಿಚೀಲಕ್ಕೆ ತುಂಬಿ, ದೋಣಿಯ ಹಿಂದೆ ಕಟ್ಟಿ, ನೀರಿನಲ್ಲಿ ಎಳೆದುಕೊಂಡು ಸುತ್ತು ಹಾಕುವುದು. ನಾಲ್ಕು ದಿನಕ್ಕೆ ಪಾಚಿ ಸತ್ತು ತಳ ಸೇರುತ್ತದೆ. ತಿಳಿನೀರಣ್ಣ ಎಷ್ಟು ಸಲ ಆ ದೋಣಿಯಲ್ಲಿ ಕೂತಿಲ್ಲ! ಲಕ್ಷಗಟ್ಟಲೆ ಲೀಟರಿನ ಲೆಕ್ಕ ಅವನಿಗೆ ಬಾಯಿಪಾಠ. ಅದನ್ನೇ ಅರವತ್ತು ಲೀಟರಿಗೆ ಇಳಿಸಿದ. ಬಂದ ಅಳತೆ ತೂಗಲು ಅವನ ಬಳಿ ತಕ್ಕಡಿ ಇರಲಿಲ್ಲ. ಅಷ್ಟು ಕಡಿಮೆಯನ್ನು ಅವನು ಜನ್ಮದಲ್ಲಿ ತೂಗಿದವನೇ ಅಲ್ಲ. ಅಂದಾಜಿನ ಮೇಲೆ ಜೋಳದ ಕಾಳಿನಷ್ಟು ಒಂದು ಹರಳು ತೆಗೆದು, ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ, ದಾರ ಹಿಡಿದು, ಸಂಜೆ ಐದರ ಬಿಸಿಲಿನಲ್ಲಿ ಪೆಟ್ಟಿಗೆಯ ತುಂಬ ನಿಧಾನವಾಗಿ ಸುತ್ತು ಹಾಕಿಸಿದ, ದೋಣಿಯಂತೆ.

"ರೀ, ಏನದು?" ಎಂದಳು ಹೆಂಡತಿ. "ಅವನು ಎರಡು ಸಲ ರೆಪ್ಪೆ ಬಡೀತಿದಾನೆ ನೋಡಿ. ಬೇಡ ಅಂತಿದಾನೆ."

"ಬಿಡೇ, ಅವನಿಗೇನು ಗೊತ್ತಾಗುತ್ತೆ? ನಾಳೆ ನೋಡು, ನೀರು ಹೆಂಗಿರುತ್ತೆ ಅಂತ."

ಜಲಾಶಯದ ಮೀನಿಗೆ ಈಚೆ ವಿಷ ಬಂದರೆ ಆಚೆ ದಡವಿದೆ. ಈ ಮೂರು ಜೀವ ಎಲ್ಲಿಗೆ ಓಡಬೇಕು? ಬೆಳಗ್ಗೆ ಒಂದು ಕೇಸರಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಬಿಳಿಯದು ತಳದಲ್ಲಿ ಮಗ್ಗುಲಾಗಿ ಬಾಯಿ ಬಿಡುತ್ತಿತ್ತು, ಬಕೆಟ್ಟಿಗೆ ಹಾಕುವಷ್ಟರಲ್ಲಿ ಅದೂ ಹೋಯಿತು. ಇನ್ನೊಂದು ಕೇಸರಿ ಹೇಗೋ ಉಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಿಳಿನೀರಣ್ಣ ಪೆಟ್ಟಿಗೆಯನ್ನು ಅಂಗಳಕ್ಕೆ ಹೊತ್ತು ಏಳು ಸಲ ತೊಳೆದ. ಹೊಸ ನೀರು ತುಂಬಿ, ಕ್ಲೋರಿನ್ ವಾಸನೆ ಹೋಗಿ ಅದು ತಂಗುವವರೆಗೆ ಕಾದು, ಒಂಟಿ ಮೀನನ್ನು ಬಿಟ್ಟ. ಆಮೇಲೆ ಮಂಚದ ಹತ್ತಿರ ಬಂದು ನಿಂತ.

ತಮ್ಮ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಆ ಎರಡು ಮೀನು ಒದ್ದಾಡಿದ್ದನ್ನು ಅಷ್ಟೂ ಹೊತ್ತು ನೋಡುತ್ತ, ಕೂಗಲಾರದೆ ಮಲಗಿದ್ದ. ಅದು ತಿಳಿಯಲು ಅವನ ಕೆಂಡದಂಥ ಕಣ್ಣು ನೋಡಿದರೆ ಸಾಕಿತ್ತು. ಅಣ್ಣನನ್ನು ಒಮ್ಮೆ ನೋಡಿದ. ಆಮೇಲೆ ಎರಡೂ ಕಣ್ಣು ಮುಚ್ಚಿಬಿಟ್ಟ.

"ಲೋ, ಬೇರೆ ತರ್ತೀನಿ ಬಿಡೋ. ಇದಕ್ಕಿಂತ ಚೆನ್ನಾಗಿರೋದು ತರ್ತೀನಿ."

ಕಣ್ಣು ತೆರೆಯಲಿಲ್ಲ. ಅಂದು ತೆರೆಯಲಿಲ್ಲ, ಮರುದಿನವೂ ತೆರೆಯಲಿಲ್ಲ. ಅತ್ತಿಗೆ ಹೋದರೆ ತೆರೆಯುವನು, ಟೈಲರಮ್ಮ ಹೋದರೆ ತೆರೆಯುವನು. ಬಾಗಿಲಲ್ಲಿ ಅಣ್ಣನ ಚಪ್ಪಲಿ ಸದ್ದಾದರೆ ಸಾಕು, ಮುಚ್ಚುವನು. ಕೈ ಎತ್ತಿ ತಳ್ಳಲಾರ, ಬಾಯಿ ಬಿಟ್ಟು ಬೈಯಲಾರ. ಅವನಿಗಿದ್ದ ಕದ ಅದೊಂದೇ, ಅದನ್ನು ಹಾಕಿಕೊಂಡ.

ತಿಳಿನೀರಣ್ಣ ರಮಿಸಿದ, ರೇಗಿದ, ಗೋಗರೆದ. ಒಂದು ದಿನ ಮಂಚದ ಕಾಲಬಳಿ ಕೂತು, "ಸಾಕು ಮಾಡೋ, ನನ್ನ ಹೊಟ್ಟೆ ಉರೀತಿದೆ ಕಣೋ" ಎಂದು ಅತ್ತೂಬಿಟ್ಟ. ಮುಚ್ಚಿದ ರೆಪ್ಪೆ ಅಲುಗಲಿಲ್ಲ. ನೀರು ಸೋಸುವ ಕಡೆ ಲೋಟ ಎತ್ತಿ ಹಿಡಿದರೂ ಸಣ್ಣಕ್ಷರ ಓದುವುದನ್ನೇ ಮರೆಯುತ್ತಿದ್ದ. ಡಾಕ್ಟರು ಹೇಳಿದ್ದ ಮಾತು ಕಿವಿಯಲ್ಲಿ ಕೂತಿತ್ತು. ತಮ್ಮ ಒಳಗೇ ಇಳಿದುಹೋದರೆ? ಅದೂ ತನ್ನಿಂದಲೇ ಆದರೆ?

"ನೀವು ಒಂದಷ್ಟು ದಿನ ಆ ಕೋಣೆಗೆ ಹೋಗ್ಬೇಡಿ" ಎಂದಳು ಹೆಂಡತಿ. "ಪೆಟ್ಟಿಗೆ ಮುಟ್ಟಬೇಡಿ. ನಾನು ನೋಡ್ಕೋತೀನಿ."

ಅವನು ಮೊದಲ ಸಲ ಅವಳ ಮಾತು ಕೇಳಿದ. ಅವಳು ದಿನಕ್ಕೊಂದು ಚಿಟಿಕೆ ತಿಂಡಿ ಹಾಕಿದಳು, ತಿಂಡಿಯ ಡಬ್ಬಿಯನ್ನು ಬಂದವರ ಕೈಗೆ ಸಿಗದಂತೆ ಬೀರುವಿನಲ್ಲಿಟ್ಟಳು, ಕಿಟಕಿಯ ಕಡೆಯ ಗಾಜಿಗೆ ರಟ್ಟು ಅಂಟಿಸಿದಳು, ವಾರಕ್ಕೊಮ್ಮೆ ಒಂದು ಬಕೆಟ್ ನೀರು ತೆಗೆದು ತಂಗಿದ ನೀರು ಹಾಕಿದಳು. ನೀರು ತಿಳಿಯಾಯಿತು. ಮಂಚದ ಕಡೆಯ ಗಾಜಿಗೆ ಮಾತ್ರ ತೆಳ್ಳಗೆ ಪಾಚಿ ಹತ್ತಿತು. ಉಜ್ಜಲು ಹೋದ ದಿನ ಕೇಳಿದಳು, "ತೆಗೀಲಾ?" ಮೈದುನ ಎರಡು ಸಲ ರೆಪ್ಪೆ ಬಡಿದ. ಹಾಗೇ ಬಿಟ್ಟಳು.

ನಲವತ್ತನೆಯ ದಿನವೋ ಏನೋ, ತಿಳಿನೀರಣ್ಣ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದ. ಚಪ್ಪಲಿಯನ್ನು ಈಗೀಗ ಬೀದಿ ಬಾಗಿಲಲ್ಲೇ ಬಿಟ್ಟು ಬರುತ್ತಿದ್ದ. ಕೋಣೆಯಿಂದ ಒಂದು ಸದ್ದು ಬಂತು. ಗಂಟಲಲ್ಲಿ ಸಿಕ್ಕಿಕೊಂಡು ಹೊರಗೆ ಬರಲು ಒದ್ದಾಡುವ ಸದ್ದು. ಉಸಿರು ಕಟ್ಟಿತೇ ಎಂದು ಹೆದರಿ ಬಾಗಿಲಿಗೆ ಓಡಿದ.

ತಮ್ಮ ನಗುತ್ತಿದ್ದ.

ಒಂಟಿ ಕೇಸರಿ ಮೀನು ಒಳಗಿನಿಂದ ಗಾಜಿನ ಪಾಚಿ ಮೇಯುತ್ತಿತ್ತು. ಬಾಯಿ ಆಡಿಸಿದ ಕಡೆಯಲ್ಲೆಲ್ಲ ಹಸಿರು ಹೋಗಿ ಗೆರೆ ಬೀಳುತ್ತಿತ್ತು. ಒಂದು ಸುತ್ತು ಗೆರೆ, ಅದರಿಂದ ಹೊರಟ ಒಂದು ಬಾಲ, ಮೇಲೆ ಎರಡು ಚುಕ್ಕೆ. ಮೀನು ಮರೆಯಾಗಿ, ತಾನೇ ಬರೆದ ಗೆರೆಯೊಳಗಿಂದ ಮತ್ತೆ ಮೂತಿ ತೂರಿಸಿದಾಗಲೆಲ್ಲ ತಮ್ಮನ ಗಂಟಲು ಆ ಸದ್ದು ಮಾಡುತ್ತಿತ್ತು. ಚಿತ್ರ ಬರೆಯುವ ಹುಚ್ಚಿದ್ದವನು! ಅವನು ದಿನವೆಲ್ಲ ನೋಡುತ್ತಿದ್ದದ್ದು ಈ ಗೆರೆಗಳನ್ನು. ಭಾನುವಾರ ಭಾನುವಾರ ಅಣ್ಣ ತೋಳು ಮಡಚಿ ಬಂದು ಅದನ್ನೇ ಉಜ್ಜಿ ಹಾಕಿ, "ಪಾಸು" ಎಂದು ಹೇಳಿ ಹೋಗುತ್ತಿದ್ದ. ಒಂದು ದಿನ, ಒಂದೇ ಒಂದು ದಿನ ಕೇಳಿದ್ದರೆ?

ತಮ್ಮನ ಕಣ್ಣು ಬಾಗಿಲ ಕಡೆ ಹೊರಳಿತು. ನಗು ನಿಂತಿತು.

ರೆಪ್ಪೆ ಮುಚ್ಚುವ ಮೊದಲೇ ತಿಳಿನೀರಣ್ಣ ತನ್ನ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡ.

"ನೀನು ಮುಚ್ಚಬೇಡ ಕಣೋ. ನಾನು ಮುಚ್ಕೊಂಡಿದೀನಿ" ಎಂದ. "ನೀನು ನೋಡ್ಕೋ. ನಾನು ಏನೂ ಮುಟ್ಟಲ್ಲ."

ಬಾಗಿಲ ಚೌಕಟ್ಟು ಹಿಡಿದು ನಿಂತ. ಐವತ್ತೈದು ವರ್ಷದ ಮನುಷ್ಯ, ತಮ್ಮನನ್ನು ಏನನ್ನೂ ಕೇಳಿ ಅಭ್ಯಾಸವಿಲ್ಲ. ಆದರೂ ಕೇಳಿದ.

"ಒಳಗೆ ಬರ್ಲಾ?"

ಕಣ್ಣು ಮುಚ್ಚಿ ಕೇಳಿದವನಿಗೆ ಉತ್ತರ ಕಾಣುವುದು ಹೇಗೆ? ಕಣ್ಣು ತೆರೆಯಲು ಅವನಿಗೆ ಧೈರ್ಯವಿಲ್ಲ. ಹಿಂದಿನಿಂದ ಹೆಂಡತಿ ಬಂದು ಪಕ್ಕದಲ್ಲಿ ನಿಂತದ್ದು ಗೊತ್ತಾಯಿತು.

"ಏನಂದ?" ಎಂದು ಪಿಸುಗುಟ್ಟಿದ. "ಒಂದು ಸಲಾನಾ, ಎರಡು ಸಲಾನಾ?"

ಅವಳು ಅವನ ಕೈಯನ್ನು ಚೌಕಟ್ಟಿನಿಂದ ಬಿಡಿಸಿದಳು.

"ಒಂದೇ ಸಲ ಕಣ್ರೀ" ಎಂದಳು. "ಹೋಗಿ."