ರೊಪ್ಪದ ಬಾಗಿಲಿಗೆ ಬಂದ ಮೀಸಲು

ಪಾತಣ್ಣ ಕೊನೆಯ ಆರು ತಿಂಗಳು ಚಪ್ಪಲಿ ಮೆಟ್ಟಿ ಓಡಾಡಿದ. ಅದಕ್ಕೂ ಹಿಂದಿನ ನಲವತ್ತೊಂದು ವರ್ಷ ಅವನ ಕಾಲಲ್ಲಿ ಚಪ್ಪಲಿ ಕಂಡವರಿಲ್ಲ. ದೇವರ ಎತ್ತು ಕಾಯುವ ಕಿಲಾರಿ ರೊಪ್ಪದೊಳಗೆ ಬರಿಗಾಲಲ್ಲೇ ಇರಬೇಕು, ಅವನೋ ರೊಪ್ಪ ಬಿಟ್ಟು ಹೊರಗಿದ್ದದ್ದೇ ಕಡಿಮೆ. ಹೆಂಡತಿ ಮೂಗಮ್ಮ ಚಳ್ಳಕೆರೆಯಿಂದ ಒಂದು ಜೊತೆ ರಬ್ಬರ್ ಚಪ್ಪಲಿ ತಂದು ಮುಂದಿಟ್ಟಾಗ, ಎಡದ್ದು ಯಾವುದು ಬಲದ್ದು ಯಾವುದು ಎಂದು ತುಂಬ ಹೊತ್ತು ನೋಡುತ್ತ ಕೂತಿದ್ದ.

ಅವನ ಹಟ್ಟಿ ಮೊಳಕಾಲ್ಮೂರಿನ ಕಡೆ, ಬಸ್ಸಿಳಿದು ಮೂರು ಮೈಲಿ ಒಳಗೆ. ಗುಡ್ಡದ ಬುಡದಲ್ಲಿ ಜಾಲಿಯ ಮುಳ್ಳುಕಂಪೆಯ ಬೇಲಿ, ಒಳಗೆ ದೇವರ ಹೆಸರಿಗೆ ಬಿಟ್ಟ ನೂರಿಪ್ಪತ್ತು ದನ, ಅದೇ ರೊಪ್ಪ. ಅವನ್ನು ಹೂಡುವಂತಿಲ್ಲ, ಮಾರುವಂತಿಲ್ಲ, ಸತ್ತರೆ ಮನುಷ್ಯರಂತೆ ಮಣ್ಣು ಮಾಡಬೇಕು. ಕಿಲಾರಿಗೆ ಸಂಬಳವಿಲ್ಲ. ಸುತ್ತಿನ ಹಟ್ಟಿಗಳವರು ಸುಗ್ಗಿಯಲ್ಲಿ ಕೊಟ್ಟ ಕಾಳಿನಿಂದ ಅವನ ಒಲೆ ಉರಿಯುತ್ತಿತ್ತು, ಸರದಿಯ ಮೇಲೆ ತಂದು ಹಾಕಿದ ಮೇವಿನಿಂದ ದನಗಳ ಬೇಸಿಗೆ ಕಳೆಯುತ್ತಿತ್ತು. ಹಾಗೆ ಬಂದದ್ದಕ್ಕೆ ಮೀಸಲು ಎನ್ನುತ್ತಾರೆ. ಕಿಲಾರಿ ಅದನ್ನು ಬಾಯಿಬಿಟ್ಟು ಕೇಳಬಾರದು, ಬಾಗಿಲಿಗೆ ಬಂದದ್ದನ್ನು ತಿರುಗಿಸಲೂಬಾರದು. ಪಾತಣ್ಣ ಇದನ್ನು ಕಲಿತದ್ದು ಅಪ್ಪನನ್ನು ನೋಡಿ. ಮುದುಕಿಯೊಬ್ಬಳು ಸೆರಗಿನಲ್ಲಿ ಒಂದೇ ಹಿಡಿ ಹುಲ್ಲು ತಂದಾಗ, ಜ್ವರದಿಂದ ಮಲಗಿದ್ದ ಅಪ್ಪ ಎದ್ದು ಹೋಗಿ ಎರಡೂ ಕೈ ಒಡ್ಡಿದ್ದ.

ನಾಲ್ಕನೇ ತರಗತಿಯವರೆಗೆ ಅವನ ಜೊತೆ ಓದಿದ ಮರುಳಪ್ಪ ಮುಂದೆ ಮೇಷ್ಟ್ರಾಗಿ, ನನ್ನಿವಾಳದ ಶಾಲೆಯಲ್ಲಿ ನಿವೃತ್ತನಾದ. ಸಂಜೆ ಮೊಪೆಡ್ಡಿನಲ್ಲಿ ಬಂದು ರೊಪ್ಪದ ಹೊರಗಿನ ಬಂಡೆಯ ಮೇಲೆ ಕೂರುತ್ತಿದ್ದ. ಪಾತಣ್ಣ ಮನೆಯವರ ಜೊತೆ, ದನಗಳ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದ, ಗೆಳೆಯನನ್ನು ಕೆಣಕಲು ಮಾತ್ರ ಕನ್ನಡ. "ಲೇ ಮೇಷ್ಟ್ರೆ, ನೀನೂ ನಲವತ್ತು ವರ್ಷ ಕಾದೆ, ನಾನೂ ಕಾದೆ. ನಿನ್ನವು ಒಂದಾದ್ರೂ ವಾಪಸ್ ಬಂದು ನಿನ್ನ ಕೈ ನೆಕ್ಕಿತೇನಲೇ?" ಎನ್ನುತ್ತಿದ್ದ.

ಎರಡು ಮಳೆಗಾಲ ಒಂದರ ಹಿಂದೊಂದು ಕೈಕೊಟ್ಟವು. ಗುಡ್ಡದ ಹುಲ್ಲು ಬೇರುಸಹಿತ ಹೋಯಿತು. ಮೇವಿನ ಸರದಿ ಬಂದ ಹಟ್ಟಿಗಳವರು ಬರಿಗೈಯಲ್ಲಿ ಬಂದು, ರೊಪ್ಪಕ್ಕೆ ಕೈಮುಗಿದು, ಪಾತಣ್ಣನ ಮುಖ ನೋಡದೆ ಹೋದರು. ತೆಲುಗಿನಲ್ಲಿ ಪೆದ್ದೋಡು, ಅಂದರೆ ದೊಡ್ಡವನು, ಎಂದು ಅವನು ಕರೆಯುತ್ತಿದ್ದ ಮುಂದಾಳು ಎತ್ತಿನ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಆದರೂ ಪಾತಣ್ಣ ಯಾರನ್ನೂ ಕೇಳಲಿಲ್ಲ. "ಕೇಳಬಾರದು ಅನ್ನೋದು ನಿನಗೆ, ನನಗಲ್ಲ" ಎಂದು ಮರುಳಪ್ಪನೇ ಫೋನಿನಲ್ಲಿ ಒಂದು ವಿಡಿಯೋ ಮಾಡಿ ಕಂಡಕಂಡವರಿಗೆಲ್ಲ ಕಳಿಸಿದ.

ಅವನೂ ಅಷ್ಟು ನೆನೆಸಿರಲಿಲ್ಲ. ಮೊಳಕಾಲ್ಮೂರಿನ ಸೀರೆ ನೇಯುವ ಮನೆಗಳವರು ಕೂಡಿ ಒಂದು ಟೆಂಪೊ ಜೋಳದ ಸೊಪ್ಪೆ ಕಳಿಸಿದರು. ನಾಯಕನಹಟ್ಟಿಯ ಹೋಟೆಲಿನವನೊಬ್ಬ ದಿನ ಬಿಟ್ಟು ದಿನ ನೀರಿನ ಟ್ಯಾಂಕರ್ ಓಡಿಸಿದ. ಎಲ್ಲರಿಗಿಂತ ಹೆಚ್ಚು ಕೊಟ್ಟವರು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾಹುಕಾರರು. ಅವರನ್ನು ಮುರುಗೇಂದ್ರಪ್ಪ ಎಂದು ಕರೆಯೋಣ. ನಿಜವಾದ ಹೆಸರು ಬೇಡ, ಯಾಕೆಂದು ಮುಂದೆ ತಿಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಎರಡು ಲಾರಿ ಭತ್ತದ ಹುಲ್ಲು. ಫೋಟೊ ತೆಗೆಸಿಕೊಂಡವರಲ್ಲ, ಬೋರ್ಡು ಹಾಕಿಸಿದವರಲ್ಲ. ಪಾತಣ್ಣ ಪ್ರತಿ ಸಲವೂ ಲಾರಿಯ ಮುಂದೆ ಹೋಗಿ ಎರಡೂ ಕೈ ಒಡ್ಡಿ, ಮೊದಲ ಹೊರೆಯನ್ನು ತಾನೇ ಇಳಿಸಿಕೊಳ್ಳುತ್ತಿದ್ದ. ಎರಡು ತಿಂಗಳಲ್ಲಿ ಒಂದು ಕರುವೂ ಬೀಳಲಿಲ್ಲ. ಆ ದಿನಗಳಲ್ಲಿ ಅವನು ಬಂಡೆಯ ಮೇಲೆ ಗೆಳೆಯನ ಪಕ್ಕ ಕೂತು, ಜನ ಇನ್ನೂ ಕೆಟ್ಟಿಲ್ಲ ಕಣೋ ಎಂದಿದ್ದ.

ಏಪ್ರಿಲ್ ಕೊನೆಯಲ್ಲಿ ಸಾಹುಕಾರರ ಮಗಳು ಸ್ವಪ್ನಳ ಮದುವೆಯಾಯಿತು. ಮಾರನೆಯ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಒಂದು ಕಾರು, ಹಿಂದೆ ಒಂದು ಟೆಂಪೊ ಬಂದು ನಿಂತವು. ಟೆಂಪೊದಲ್ಲಿ ದೊಡ್ಡ ದೊಡ್ಡ ಕೊಳಗಗಳು: ಅನ್ನ, ಪಾಯಸ, ಹೋಳಿಗೆ. ಮೂರು ಸಾವಿರ ಜನಕ್ಕೆ ಮಾಡಿಸಿದ್ದರಲ್ಲಿ ಉಳಿದದ್ದು. ಮದರಂಗಿಯ ಕೈಯ ಹುಡುಗಿ ಕಾರಿನಿಂದ ಇಳಿದು, ಯಾರೂ ಹೇಳುವ ಮೊದಲೇ ಚಪ್ಪಲಿ ಬಿಟ್ಟಳು. ಮೊದಲ ತುತ್ತು ದೇವರ ಎತ್ತಿಗೆ ತನ್ನ ಕೈಯಾರೆ ಹಾಕಬೇಕೆಂದು ಮದುವೆಗೆ ಮುಂಚೆಯೇ ಹರಸಿಕೊಂಡಿದ್ದಳಂತೆ.

ಒಣಹುಲ್ಲಿನ ಮೇಲೇ ಬದುಕಿದ ದನಕ್ಕೆ ಹೊಟ್ಟೆತುಂಬ ಅನ್ನ ವಿಷ ಎಂದು ಪಾತಣ್ಣನಿಗೆ ಗೊತ್ತಿತ್ತು. ಬೇರೆ ಕಡೆ ಒಂದು ಹಸು ಅನ್ನದ ಕೊಳಗಕ್ಕೆ ಬಾಯಿಹಾಕಿ ಹೊಟ್ಟೆ ಉಬ್ಬಿ ಸತ್ತದ್ದನ್ನು ಕಣ್ಣಾರೆ ಕಂಡಿದ್ದ. ಕೈಮುಗಿದು ನಿಂತು, "ಸಾವ್ಕಾರ್ರೇ, ಒಂದು ಹಿಡಿ ಹಾಕಲಿ ತಾಯಿ. ಮಿಕ್ಕಿದ್ದು ಬ್ಯಾಡ. ಅನ್ನ ಇವಕ್ಕೆ ಆಗಿಬರಲ್ಲ" ಎಂದ.

ಸಾಹುಕಾರರು ನಕ್ಕರು. ಅದು ಒಳ್ಳೆಯ ನಗುವೇ. "ಹುಲ್ಲು ತಂದ್ರೆ ಆಗಿಬರ್ತೈತೆ, ಮಗಳ ಮದುವೆ ಊಟ ಆಗಿಬರಲ್ವೇನೋ ಪಾತಣ್ಣ? ಮೀಸಲು ಅಂತ ಹೊರಡಿಸಿಕೊಂಡು ಬಂದೀನಿ. ವಾಪಸ್ ತಗಂಡೋಗ್ಲಾ?"

ಅಷ್ಟೇ ಮಾತು. ಬಾಗಿಲಿಗೆ ಬಂದ ಮೀಸಲನ್ನು ಪಾತಣ್ಣನ ಅಪ್ಪ ತಿರುಗಿಸಿದವನಲ್ಲ. ತಿರುಗಿಸಿದರೆ ಹುಲ್ಲಿನ ಲಾರಿಯೂ ತಿರುಗಿಹೋದೀತು ಎಂಬುದನ್ನೂ ಪಾತಣ್ಣ ಯೋಚಿಸಿದ್ದ, ಅದನ್ನು ಆಮೇಲೆ ಮರುಳಪ್ಪನ ಹತ್ತಿರ ತಾನೇ ಹೇಳಿಕೊಂಡ. ಬಾಗಿಲ ಕಂಪೆಯನ್ನು ಎಳೆದು ಪಕ್ಕಕ್ಕೆ ಸರಿಸಿದ. ಪೆದ್ದೋಡು ಮೊದಲು ಬಂದ. ಹುಡುಗಿ ಅವನ ಬಾಯಿಗೆ ಹೋಳಿಗೆ ಇಟ್ಟು, ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಳುಗಳು ಕಲ್ಲುಬಾನಿಗಳಿಗೆ ಅನ್ನ ಸುರಿದರು. ಹಸಿದ ದನ ಒಂದನ್ನೊಂದು ತಳ್ಳಿಕೊಂಡು ತಿಂದವು. ಪಾತಣ್ಣ ಕೋಲು ಹಿಡಿದು ಕೆಲವನ್ನು ಹಿಂದಕ್ಕೆ ಹೊಡೆಯಲು ನೋಡಿದ. ಉಣ್ಣೋ ಬಾಯಿಗೆ ಹೊಡೀಬ್ಯಾಡ ಎಂದು ಸಾಹುಕಾರರು ತಡೆದರು.

ಮಾರನೆಯ ಬೆಳಕು ಹರಿಯುವಾಗ ಒಂಬತ್ತು ದನ ಮಲಗಿದಲ್ಲೇ ಹಲ್ಲು ಕಡಿಯುತ್ತಿದ್ದವು, ಹುಳಿವಾಸನೆಯ ಸಗಣಿ ನೀರಿನಂತೆ ಹರಿಯುತ್ತಿತ್ತು. ಮರುಳಪ್ಪ ಹೋಗಿ ದನದ ಡಾಕ್ಟರನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಂದ. ಮೂಗಮ್ಮ ಅಡುಗೆ ಸೋಡ ಕದಡಿ ಕೊಟ್ಟಳು, ಪಾತಣ್ಣ ಬಿದಿರಿನ ಗೊಟ್ಟದಲ್ಲಿ ಒಂದೊಂದರ ಗಂಟಲಿಗೂ ಹೊಯ್ದ. ಏನು ತಿಂದವು ಎಂದು ಡಾಕ್ಟರ್ ಕೇಳಿದಾಗ ಮುಚ್ಚಿಡಲಿಲ್ಲ. ಹೊತ್ತೇರಿದಂತೆ ಇನ್ನಷ್ಟು ಬಿದ್ದವು, ಮೂರು ದಿನದಲ್ಲಿ ಇಪ್ಪತ್ಮೂರು ಹೋದವು. ಪೆದ್ದೋಡು ಮೂರನೆಯ ದಿನದವರೆಗೆ ತಡೆದು, ಕತ್ತನ್ನು ಪಕ್ಕೆಗೆ ತಿರುಗಿಸಿಟ್ಟುಕೊಂಡು ಹೋದ.

ಸುದ್ದಿ ಚಳ್ಳಕೆರೆ ಮುಟ್ಟುವ ಮೊದಲೇ ಪಾತಣ್ಣ ಡಾಕ್ಟರಿಂದಲೂ ಗೆಳೆಯನಿಂದಲೂ ಮಾತು ತೆಗೆದುಕೊಂಡ. ರೋಗ ಬಂತು ಅನ್ನಬೇಕು, ಅನ್ನದ ಸುದ್ದಿ ಎತ್ತಬಾರದು. ಮರುಳಪ್ಪ ರೇಗಿದ. ಪಾತಣ್ಣ ಅವನ ಮುಖ ನೋಡದೆ ಹೇಳಿದ: "ಮದುವೆ ಊಟ ಕಣೋ ಅದು. ಇಪ್ಪತ್ಮೂರು ದೇವರೆತ್ತು ಸತ್ತ ಊಟ ಅಂತ ಆ ಕೂಸು ಸಾಯೋವರೆಗೂ ಹೊತ್ಕಂಡು ತಿರುಗಬೇಕಾ? ಬಾಗ್ಲು ತೆಗೆದೋನು ನಾನು."

ಗಟ್ಟಿ ನೆಲ, ಹಾರೆ ಇಳಿಯಲಿಲ್ಲ. ಗುಂಡಿ ತೋಡಲು ಸಾಹುಕಾರರೇ ಜೆಸಿಬಿ ಕಳಿಸಿ, ತಾವೂ ಬಂದು ಬಿಸಿಲಲ್ಲಿ ನಿಂತರು. ಕಣ್ಣೊರೆಸಿಕೊಂಡು, ನನ್ನ ಮಗಳ ಕೈಯಲ್ಲಿ ಉಂಡಾದ್ರೂ ಹೋದವಲ್ಲ ಎಂದರು. ಪಾತಣ್ಣ ಹೂಂ ಎಂದ.

ರೋಗ ಎಂದರೆ ಹಟ್ಟಿಯವರು ಅಲ್ಲಿಗೇ ಬಿಡುವವರಲ್ಲ. ದೇವರ ರೊಪ್ಪಕ್ಕೆ ಸುಮ್ಮನೆ ರೋಗ ಬರುವುದಿಲ್ಲ, ಕಿಲಾರಿ ನೇಮ ತಪ್ಪಿರಬೇಕು. ಹತ್ತು ಹಟ್ಟಿಗಳ ಹಿರಿಯರು ಬೇವಿನ ಮರದಡಿ ಕೂತರು. ಚಪ್ಪಲಿ ಮೆಟ್ಟಿ ಒಳಗೆ ಹೋಗಿದ್ಯಾ, ಹಾಲು ಮಾರಿದ್ಯಾ, ಮೈಲಿಗೆಯಲ್ಲಿ ಮುಟ್ಟಿದ್ಯಾ ಎಂದು ಒಂದೊಂದಾಗಿ ಕೇಳಿದರು. ಹಿಂದೆ ನಿಂತಿದ್ದ ಮರುಳಪ್ಪನ ಬಾಯಿಗೆ ಮಾತು ಬಂದಿತ್ತು. ಪಾತಣ್ಣ ತಿರುಗಿ ಒಮ್ಮೆ ಅವನನ್ನು ನೋಡಿ, ಹಿರಿಯರ ಕಡೆಗೆ ಕೈಮುಗಿದ. "ತಪ್ಪು ನಂದೇ. ಏನು ಅಂತ ಕೇಳಬ್ಯಾಡ್ರಿ."

ಉಳಿದ ದನಗಳನ್ನು ಹೊಡೆದುಕೊಂಡು ಹೋಗಲು ಇನ್ನೊಂದು ಹಟ್ಟಿಯ ಕಿಲಾರಿ ಬಂದ. ಅವು ಗುಡ್ಡದ ತಿರುವಿನಲ್ಲಿ ನಿಂತು ಹಿಂದಕ್ಕೆ ನೋಡಿದವು. ಪಾತಣ್ಣ ಒಂದು ಸಲ ಕೂಗಿದ್ದರೆ ಓಡಿ ಬರುತ್ತಿದ್ದವು. ಅವನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಆ ವರ್ಷ ಮಳೆ ಚೆನ್ನಾಗಿ ಬಂತು. ಗುಡ್ಡದ ಮೇಲೆ ಮೊಣಕಾಲುದ್ದ ಹುಲ್ಲು. ಪಾತಣ್ಣ ಅತ್ತ ಮುಖ ಹಾಕಿ ಕೂರುತ್ತಿರಲಿಲ್ಲ. ಸುಗ್ಗಿಯ ಕಾಳು ಅವನ ಮನೆಗೆ ಬರಲಿಲ್ಲ. ಮೂಗಮ್ಮ ಕೂಲಿಗೆ ಹೋದಳು. ಮರುಳಪ್ಪ ಸಂಜೆ ಬಂದು ಕೂರುವುದನ್ನು ಬಿಡಲಿಲ್ಲ, ಆದರೆ ಕೆಣಕುವ ಮಾತು ನಿಂತುಹೋಗಿತ್ತು. ವಿಡಿಯೋ ಮಾಡಿದ್ದು ತಾನು ಎಂದು ಅವನು ಒಮ್ಮೆ ಹೇಳಹೊರಟಾಗ ಪಾತಣ್ಣ ಕೇಳಿಸದವನಂತೆ ಎದ್ದುಹೋದ. ದೀಪಾವಳಿ ಕಳೆದ ವಾರ ಜ್ವರ ಬಂತು. ಆಸ್ಪತ್ರೆಗೆ ಬರುವುದಿಲ್ಲ ಎಂದ. ಐದನೆಯ ದಿನ ಹೋದ. ದೇವರ ಎತ್ತುಗಳನ್ನು ಮಣ್ಣು ಮಾಡಿದ ಜಾಗದ ಹತ್ತಿರ ಅವನಿಗೆ ಜಾಗ ಕೊಡಲು ಹಿರಿಯರು ಒಪ್ಪಲಿಲ್ಲ.

ಹನ್ನೊಂದನೆಯ ದಿನ ಬೆಳಗ್ಗೆ ಒಂದು ಲಾರಿ ಬಂತು. ಪಾತಣ್ಣ ಸತ್ತದ್ದು ತಿಳಿದು, ಅವನ ಹೆಸರಲ್ಲಿ ರೊಪ್ಪಕ್ಕೆಂದು ಸಾಹುಕಾರರು ಕಳಿಸಿದ ಹುಲ್ಲು. ರೊಪ್ಪ ಬರಿದಾದದ್ದು ಅವರಿಗೆ ಗೊತ್ತಿರಲಿಲ್ಲ. ಡ್ರೈವರ್ ಖಾಲಿ ಬೇಲಿಯನ್ನು ನೋಡಿ, ಫೋನ್ ಮಾಡಿ ಕೇಳಲೇ ಎಂದ. ಸಾಹುಕಾರರ ಮಗಳಿಗೆ ಈಗ ಏಳು ತಿಂಗಳೆಂದೂ, ಅದಕ್ಕೇ ಯಾರೂ ಬರಲಾಗಲಿಲ್ಲವೆಂದೂ ಅವನೇ ಹೇಳಿದ. ಮರುಳಪ್ಪ ಜೇಬಿನಲ್ಲಿದ್ದ ತನ್ನ ಫೋನನ್ನು ಮುಟ್ಟಿದವನು, ಕೈ ಹಿಂದಕ್ಕೆ ತೆಗೆದ.

ಮೂಗಮ್ಮ ಬಂದು ಬಾಗಿಲ ಕಂಪೆ ಎಳೆದಳು. "ಇಳಿಸಪ್ಪ. ಬಾಗ್ಲಿಗೆ ಬಂದದ್ದು, ವಾಪಸ್ ಕಳಿಸಾಕೆ ಬರಲ್ಲ."

ಮರುಳಪ್ಪ ಚಪ್ಪಲಿ ಬಿಟ್ಟು, ಎರಡೂ ಕೈ ಒಡ್ಡಿ, ಮೊದಲ ಹೊರೆಯನ್ನು ಇಳಿಸಿಕೊಂಡ. ಬಣವೆ ಇನ್ನೂ ಅಲ್ಲೇ ಇದೆ. ಮೇಲಿನ ಹುಲ್ಲು ಮಳೆಗೆ ಕಪ್ಪಾಗಿದೆ.